ಒಪ್ಪಿಗೆ ಇತ್ತು, ಒಪ್ಪಂದ ಇರಲಿಲ್ಲ: ಒಂದು ಕೋಚಿಂಗ್ ಪ್ರಕರಣ

ಮೂರನೇ ಸೆಷನ್‌ನಲ್ಲಿ ಆಕೆ ನೋಟ್‌ಬುಕ್ ತೆರೆಯಲಿಲ್ಲ.

ಮೊದಲ ಎರಡು ಸಲ ಬಂದು ಕೂತ ಕೂಡಲೇ ನೋಟ್‌ಬುಕ್ ತೆಗೆದು, ಮೇಲೆ ತಾರೀಕು ಬರೆದು, ತಾವೇ ಮಾತು ಶುರು ಮಾಡುತ್ತಿದ್ದರು. ಈ ಸಲ ಅದು ಮುಚ್ಚಿದ ಹಾಗೇ ಮೇಜಿನ ಮೇಲಿತ್ತು. ಈ ಎರಡು ವಾರ ಹೇಗಿತ್ತು ಎಂದು ಕೇಳಿದೆ. "ಎಲ್ಲಾ ಚೆನ್ನಾಗಿದೆ ಮೇಡಂ" ಎಂದರು. ಕೆಲಸ ಹಂಚುವ ವಿಷಯ ಏನಾಯಿತು ಎಂದೆ. "ಪ್ರಯತ್ನ ಮಾಡ್ತಿದ್ದೀನಿ ಮೇಡಂ." ಇವತ್ತು ಯಾವುದರ ಬಗ್ಗೆ ಮಾತಾಡೋಣ ಎಂದೆ. "ನೀವೇ ಹೇಳಿ ಮೇಡಂ, ಯಾವುದಾದ್ರೂ ಸರಿ." ಇಪ್ಪತ್ತು ನಿಮಿಷ ಹೀಗೇ ಕಳೆಯಿತು. ಎಲ್ಲ ಪ್ರಶ್ನೆಗೂ ಉತ್ತರ ಬರುತ್ತಿತ್ತು. ಆದರೆ ಮಾತು ನಡೆಯುತ್ತಿರಲಿಲ್ಲ.

ನಾನು ಕೋಚ್: ಕೆಲಸದಲ್ಲಿ ಎದುರಾಗುವ ತೊಡಕುಗಳ ಬಗ್ಗೆ ಒಬ್ಬರ ಜೊತೆ ಕೂತು ಮಾತಾಡಿ, ಅವರೇ ದಾರಿ ಕಂಡುಕೊಳ್ಳಲು ನೆರವಾಗುವವಳು. ಆ ದಿನ ಆಕೆ ಯಾಕೆ ಹಾಗೆ ಬಾಗಿಲು ಹಾಕಿಕೊಂಡರು, ಆಮೇಲೆ ನಾವು ಏನು ಮಾಡಿದೆವು ಎಂಬುದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಆಕೆಯ ಅನುಮತಿ ಇದೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ನಾನು ಮಾಡಿದ ತಪ್ಪನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ ಎಂದು ನನ್ನ ನಂಬಿಕೆ.

ಹಿನ್ನೆಲೆ

ಆಕೆ ಒಂದು ಕಂಪನಿಯ ಗ್ರಾಹಕ ಸೇವಾ ವಿಭಾಗದಲ್ಲಿ ಟೀಮ್ ಲೀಡ್. ಕೈಕೆಳಗೆ 9 ಜನ. ಗ್ರಾಹಕರು ಮೇಲ್ ಬರೆಯುತ್ತಾರೆ, ಅದು ಟಿಕೆಟ್, ಅಂದರೆ ಉತ್ತರ ಕೊಡಬೇಕಾದ ಒಂದು ದಾಖಲೆ, ಆಗುತ್ತದೆ, ತಂಡದವರು ಉತ್ತರ ಬರೆಯುತ್ತಾರೆ. ಲೀಡ್ ಆಗುವ ಮೊದಲು ಆಕೆ ಇದೇ ತಂಡದಲ್ಲಿದ್ದರು. ಎಲ್ಲರಿಗಿಂತ ಚೆನ್ನಾಗಿ ಉತ್ತರ ಬರೆಯುವವರು ಎಂದು ಹೆಸರು ಮಾಡಿದ್ದರು. ಅದಕ್ಕೇ ಬಡ್ತಿ ಸಿಕ್ಕಿತ್ತು.

ಬಡ್ತಿ ಸಿಕ್ಕಿ 8 ತಿಂಗಳಾಗಿತ್ತು. ಅಷ್ಟರಲ್ಲಿ ತಂಡದ ಇಬ್ಬರು ಬೇರೆ ವಿಭಾಗಕ್ಕೆ ವರ್ಗ ಕೇಳಿದ್ದರು. ಮ್ಯಾನೇಜರ್‌ಗೆ ಚಿಂತೆಯಾಯಿತು. ಎಚ್‌ಆರ್ ಜೊತೆ ಮಾತಾಡಿ ಕೋಚಿಂಗ್ ಏರ್ಪಾಡು ಮಾಡಿದರು. 6 ಸೆಷನ್, ಒಂದೊಂದು 60 ನಿಮಿಷ, ಎರಡು ವಾರಕ್ಕೊಂದು. ಹೀಗೆ ನಾನು ಬಂದೆ.

ಶುರುವಿನಲ್ಲಿ ಎಲ್ಲರೂ ಸೇರಿ ಒಂದು ಮೀಟಿಂಗ್ ಮಾಡಿದೆವು. ಆಕೆ, ಮ್ಯಾನೇಜರ್, ಎಚ್‌ಆರ್, ನಾನು. ಅರ್ಧ ಗಂಟೆಯೂ ಆಗಲಿಲ್ಲ. "ಕೆಲಸ ಹಂಚೋದು ಸುಧಾರಿಸಬೇಕು, ಎಲ್ಲವನ್ನೂ ತಾವೇ ಮಾಡ್ತಾರೆ" ಎಂದು ಮ್ಯಾನೇಜರ್ ಹೇಳಿದರು. ಆಕೆ "ಸರಿ ಸರ್" ಎಂದರು. ನನ್ನ ಹತ್ತಿರ ಎರಡು ಪುಟದ ಒಪ್ಪಂದ ಪತ್ರ ಇತ್ತು. ಸಮಯ, ಸೆಷನ್ ರದ್ದು ಮಾಡುವ ನಿಯಮ, ಗುರಿ, ಗೌಪ್ಯತೆ ಎಲ್ಲ ಅದರಲ್ಲಿತ್ತು. ಗೌಪ್ಯತೆಯ ಜಾಗದಲ್ಲಿ ಒಂದು ಸಾಲು ಹೀಗಿತ್ತು: ‘ಮಾತುಕತೆಯ ವಿವರಗಳು ಗೌಪ್ಯವಾಗಿರುತ್ತವೆ, ಪ್ರಗತಿಯ ಬಗ್ಗೆ ಸಂಸ್ಥೆಗೆ ತಿಳಿಸಲಾಗುವುದು.’ ನಾಲ್ವರೂ ಓದಿದೆವು, ಸಹಿ ಹಾಕಿದೆವು. ಏನಾದರೂ ಕೇಳುವುದಿದೆಯೇ ಎಂದು ಆಕೆಯನ್ನು ಕೇಳಿದೆ. "ಇಲ್ಲ ಮೇಡಂ, ಸರಿ ಇದೆ."

ಆ ‘ಪ್ರಗತಿ’ ಎಂಬ ಪದಕ್ಕೆ ನಾಲ್ವರ ತಲೆಯಲ್ಲೂ ನಾಲ್ಕು ಅರ್ಥ ಇತ್ತು. ಅದು ಗೊತ್ತಾಗಲು ಒಂದೂವರೆ ತಿಂಗಳು ಬೇಕಾಯಿತು.

ಮೊದಲ ಸೆಷನ್ ಚೆನ್ನಾಗಿಯೇ ನಡೆಯಿತು. ತಂಡದವರು ಬರೆದ ಉತ್ತರಗಳನ್ನು ಕಳಿಸುವ ಮೊದಲು ತಾವು ಓದುತ್ತೇನೆ, ಬಹಳಷ್ಟನ್ನು ತಿದ್ದುತ್ತೇನೆ, ಕೆಲವನ್ನು ಪೂರ್ತಿ ಹೊಸದಾಗಿ ಬರೆಯುತ್ತೇನೆ ಎಂದು ಆಕೆಯೇ ಹೇಳಿದರು. ರಾತ್ರಿ ಮನೆಯಲ್ಲೂ ಲ್ಯಾಪ್‌ಟಾಪ್ ತೆರೆದಿರುತ್ತಿತ್ತು. ಮುಂದಿನ ಸೆಷನ್ ಹೊತ್ತಿಗೆ ಎರಡು ಬಗೆಯ ಟಿಕೆಟ್‌ಗಳನ್ನು ತಂಡಕ್ಕೇ ಬಿಟ್ಟುಬಿಡುವುದು ಎಂದು ಮಾತಾಯಿತು. ಎರಡನೇ ಸೆಷನ್‌ಗೆ ಬಂದಾಗ ಬಿಟ್ಟಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿದೆ. ಆ ವಾರ ಟಿಕೆಟ್ ಜಾಸ್ತಿ ಇತ್ತು ಎಂದರು. ಮುಂದಿನ ವಾರ ಮಾಡೋಣವೇ ಎಂದೆ. "ಸರಿ ಮೇಡಂ."

ಆರು ಸಾಲಿನ ಮೇಲ್

ಎರಡನೇ ಮತ್ತು ಮೂರನೇ ಸೆಷನ್ ನಡುವೆ ಎಚ್‌ಆರ್‌ನಿಂದ ಮೇಲ್ ಬಂತು. ಕೋಚಿಂಗ್ ಹೇಗೆ ನಡೀತಿದೆ, ಪ್ರಗತಿ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿ ಎಂದು. ಸಹಿ ಹಾಕಿದ ಪತ್ರದಲ್ಲಿ ಅದಕ್ಕೆ ಅವಕಾಶ ಇತ್ತು. ಆರು ಸಾಲು ಬರೆದೆ. ಎರಡೂ ಸೆಷನ್‌ಗೆ ಸಮಯಕ್ಕೆ ಸರಿಯಾಗಿ ಬಂದಿದ್ದಾರೆ. ಮನಸ್ಸಿಟ್ಟು ಭಾಗವಹಿಸುತ್ತಿದ್ದಾರೆ. ತಮ್ಮ ಕೆಲಸದ ರೀತಿಯನ್ನು ತಾವೇ ಗಮನಿಸುತ್ತಿದ್ದಾರೆ. ಕೊನೆಗೆ ಹೀಗೊಂದು ಸಾಲು: ‘ಕೆಲಸ ಹಂಚುವುದರಲ್ಲಿ ಇನ್ನೂ ಸ್ವಲ್ಪ ಹಿಂಜರಿಕೆ ಇದೆ, ಅದರ ಮೇಲೆ ಕೆಲಸ ನಡೆಯುತ್ತಿದೆ.’

ಬರೆಯುವಾಗ ಅದು ಸಾಧಾರಣ ಸಾಲು ಅನಿಸಿತ್ತು. ಆಕೆ ಹೇಳಿದ ಒಂದು ಮಾತನ್ನೂ ನಾನು ಅದರಲ್ಲಿ ಎತ್ತಿ ಬರೆದಿರಲಿಲ್ಲ. ಮ್ಯಾನೇಜರ್‌ಗೆ ಮೊದಲೇ ಗೊತ್ತಿದ್ದ ವಿಷಯವೇ ಅದು. ಗೌಪ್ಯತೆ ಮುರಿದಿಲ್ಲ ಎಂದೇ ಅಂದುಕೊಂಡು ಕಳಿಸಿದೆ.

ಎಚ್‌ಆರ್ ಆ ಮೇಲ್ ಅನ್ನು ಮ್ಯಾನೇಜರ್‌ಗೆ ಕಳಿಸಿದರು. ಮ್ಯಾನೇಜರ್ ವಾರದ ಮಾತುಕತೆಯಲ್ಲಿ ಆಕೆಗೆ ಹೇಳಿದರು: "ನಾನೊಬ್ಬನೇ ಅಲ್ಲ, ನಿಮ್ಮ ಕೋಚ್ ಕೂಡ ಅದನ್ನೇ ಹೇಳ್ತಿದ್ದಾರೆ."

ಮೂರನೇ ಸೆಷನ್‌ಗೆ ಬರುವಾಗ ಆಕೆ ಈ ಮಾತನ್ನು ಹೊತ್ತುಕೊಂಡು ಬಂದಿದ್ದರು. ನನಗೆ ಅದು ಗೊತ್ತಿರಲಿಲ್ಲ.

ಮೂರನೇ ಸೆಷನ್

ಇಪ್ಪತ್ತು ನಿಮಿಷ ಆದ ಮೇಲೆ ನಾನು ಕೇಳುತ್ತಿದ್ದ ಪ್ರಶ್ನೆಗಳನ್ನು ನಿಲ್ಲಿಸಿದೆ. "ಕಳೆದ ಸಲಕ್ಕೂ ಇವತ್ತಿಗೂ ನಮ್ಮಿಬ್ಬರ ಮಧ್ಯೆ ಏನೋ ಬದಲಾಗಿದೆ ಅನಿಸ್ತಿದೆ. ನಾನು ಏನಾದರೂ ಮಾಡಿದ್ದರಿಂದ ಹೀಗಾಯಿತಾ?" ಎಂದು ಕೇಳಿದೆ.

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ ಅಂದಿದ್ರಿ ಅಲ್ವಾ ಮೇಡಂ?"

ಮ್ಯಾನೇಜರ್ ಹೇಳಿದ್ದನ್ನು ಆಗ ಹೇಳಿದರು. ನನಗೆ ಮೊದಲು ಬಂದದ್ದು ವಿವರಣೆ ಕೊಡುವ ಆಸೆ. ನಾನು ನಿಮ್ಮ ಮಾತು ಹೇಳಿಲ್ಲ, ಪತ್ರದಲ್ಲಿ ಹೀಗಿತ್ತು, ನೀವೂ ಸಹಿ ಹಾಕಿದ್ದಿರಿ ಎನ್ನಬಹುದಿತ್ತು. ಎಲ್ಲವೂ ನಿಜವೇ. ಆದರೆ ಅದನ್ನು ಹೇಳಿದ್ದರೆ ಆಕೆ ಮತ್ತೊಮ್ಮೆ "ಸರಿ ಮೇಡಂ" ಎನ್ನುತ್ತಿದ್ದರು, ಉಳಿದ ಮೂರು ಸೆಷನ್ ಆ ಸರಿಯಲ್ಲೇ ಮುಗಿದುಹೋಗುತ್ತಿತ್ತು. ಅದಕ್ಕೆ ಇಷ್ಟೇ ಹೇಳಿದೆ: "ನಿಮ್ಮನ್ನು ಕೇಳದೆ ನಿಮ್ಮ ಬಗ್ಗೆ ಬರೆದೆ. ಅದು ತಪ್ಪು. ಕ್ಷಮಿಸಿ. ಬರೆದ ಮೇಲ್ ಇಲ್ಲೇ ಇದೆ, ಈಗಲೇ ತೋರಿಸ್ತೀನಿ."

ತೋರಿಸಿದೆ. ಎರಡು ಸಲ ಓದಿದರು. ಆಕೆಯನ್ನು ನೋಯಿಸಿದ್ದು ನಾನು ಊಹಿಸಿದ್ದ ಜಾಗವಲ್ಲ. "ಹಿಂಜರಿಕೆ ಇದೆ ಅಂತ ಬರೆದಿದ್ದೀರಿ. ನನಗೆ ಹಿಂಜರಿಕೆ ಇಲ್ಲ ಮೇಡಂ, ಭಯ ಇದೆ. ಅದು ಯಾಕೆ ಅಂತ ನೀವು ಕೇಳಲೇ ಇಲ್ಲ."

ಹೌದು, ಕೇಳಿರಲಿಲ್ಲ. ಕೆಲಸ ಹಂಚುವುದು ಗುರಿ ಎಂದು ಮ್ಯಾನೇಜರ್ ಹೇಳಿದ್ದನ್ನು ಆಕೆಯದೇ ಗುರಿ ಎಂದು ತಿಳಿದು ಎರಡು ಸೆಷನ್ ನಡೆಸಿಬಿಟ್ಟಿದ್ದೆ. ಗೌಪ್ಯತೆಯ ಸಾಲು ಮಾತ್ರವಲ್ಲ, ಗುರಿಯ ಸಾಲು ಕೂಡ ಆಕೆಯದಾಗಿರಲಿಲ್ಲ.

ಎಲ್ಲಿ ಎಡವಿದೆ

ಕನ್ನಡದಲ್ಲಿ ಒಪ್ಪಿಗೆ ಬೇರೆ, ಒಪ್ಪಂದ ಬೇರೆ. ಒಪ್ಪಿಗೆ ಒಬ್ಬರು ಕೊಡುವುದು. ಒಪ್ಪಂದ ಇಬ್ಬರು ಸೇರಿ ಮಾಡಿಕೊಳ್ಳುವುದು. ಮೊದಲ ದಿನ ನನಗೆ ಸಿಕ್ಕಿದ್ದು ಒಪ್ಪಿಗೆ. ಮ್ಯಾನೇಜರ್ ಎದುರಿಗೆ ಕೂತಿರುವಾಗ, ಎಚ್‌ಆರ್ ಪಕ್ಕದಲ್ಲಿರುವಾಗ, ಪತ್ರ ಮುಂದಿಟ್ಟು ‘ಏನಾದರೂ ಕೇಳುವುದಿದೆಯೇ’ ಎಂದರೆ ಯಾರಾದರೂ ಇನ್ನೇನು ಹೇಳುತ್ತಾರೆ? ಬೇಡ ಎನ್ನುವ ದಾರಿ ಇಲ್ಲದ ಕಡೆ ಸಿಕ್ಕ ಸರಿಯನ್ನು ನಾನು ಒಪ್ಪಂದ ಎಂದು ಎಣಿಸಿದೆ.

ಈ ತೊಡಕು ಹೊಸದಲ್ಲ. ಮನೋವೈದ್ಯ ಎರಿಕ್ ಬರ್ನ್ 1966ರಲ್ಲೇ ಇಂಥ ಒಪ್ಪಂದಗಳಿಗೆ ಮೂರು ಪದರ ಇರುತ್ತದೆ ಎಂದು ಬರೆದಿದ್ದರು. ಮೊದಲನೆಯದು ಆಡಳಿತದ್ದು: ಎಷ್ಟು ಹೊತ್ತು, ಎಲ್ಲಿ, ಯಾರು ಹಣ ಕೊಡುತ್ತಾರೆ. ಎರಡನೆಯದು ವೃತ್ತಿಯದ್ದು: ಯಾವ ಕೆಲಸ, ಯಾವ ಗುರಿ. ಮೂರನೆಯದು ಮನಸ್ಸಿನದು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಪ್ರಕರಣದಲ್ಲಿ ಮೊದಲ ಎರಡು ಪದರ ಕಾಗದದ ಮೇಲಿದ್ದವು. ಮೂರನೆಯದರಲ್ಲಿ ಆಕೆ ‘ಇವರು ನನ್ನನ್ನು ಅಳೆಯಲು ಬಂದವರು’ ಎಂದುಕೊಂಡಿದ್ದರು. ಮ್ಯಾನೇಜರ್ ‘ನಾನು ಹೇಳಿ ಸಾಕಾಗಿದೆ, ಇನ್ನು ಇವರು ಹೇಳಲಿ’ ಎಂದುಕೊಂಡಿದ್ದರು. ನಾನು ‘ನನ್ನನ್ನು ಕರೆಸಿದವರಿಗೆ ಏನಾದರೂ ತೋರಿಸಬೇಕು’ ಎಂದುಕೊಂಡಿದ್ದೆ. ಇದನ್ನು ಈಗ ಬರೆಯುವಾಗಲೂ ಕಷ್ಟವಾಗುತ್ತದೆ. ಆದರೆ ಆ ಕೊನೆಯ ಸಾಲು ಮೇಲ್‌ನಲ್ಲಿ ಬಂದದ್ದು ಇದರಿಂದಲೇ.

ಬರ್ನ್ ಪರಂಪರೆಯಲ್ಲೇ ಕೆಲಸ ಮಾಡಿದ ಫನಿಟಾ ಇಂಗ್ಲಿಷ್ ಎಂಬ ಮನೋಚಿಕಿತ್ಸಕಿ 1975ರಲ್ಲಿ ಇದನ್ನು ಒಂದು ತ್ರಿಕೋನವಾಗಿ ಬಿಡಿಸಿ ತೋರಿಸಿದರು. ಒಂದು ಮೂಲೆಯಲ್ಲಿ ಕರೆಸಿದ ಸಂಸ್ಥೆ, ಇನ್ನೊಂದರಲ್ಲಿ ಕಲಿಯಲು ಬಂದವರು, ಮತ್ತೊಂದರಲ್ಲಿ ಕಲಿಸುವವರು. ಎದುರಿಗೆ ಇಬ್ಬರೇ ಕೂತಿದ್ದರೂ ಮೂರನೆಯವರು ಕೋಣೆಯಲ್ಲಿ ಇದ್ದೇ ಇರುತ್ತಾರೆ. ತ್ರಿಕೋನದ ಮೂರು ಬದಿಯೂ ಸಮ ಇರಬೇಕು. ಕೋಚ್ ಮತ್ತು ಸಂಸ್ಥೆ ತೀರ ಹತ್ತಿರವಾದರೆ ಎದುರಿಗೆ ಕೂತವರು ದೂರವಾಗುತ್ತಾರೆ. ಕೋಚ್ ಮತ್ತು ಎದುರಿಗೆ ಕೂತವರು ಒಂದಾಗಿ ಸಂಸ್ಥೆಯನ್ನೇ ಶತ್ರು ಮಾಡಿಕೊಳ್ಳುವುದೂ ಉಂಟು. ಎರಡನೆಯದು ಕೂಡ ನನ್ನ ಕೈಯಲ್ಲಿ ಆಗಿದೆ. ಅದು ಬೇರೆ ಪ್ರಕರಣ.

ಐಸಿಎಫ್ ಎಂಬ ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟ 2019ರಲ್ಲಿ ತನ್ನ ಮೂಲ ಕೌಶಲಗಳ ಪಟ್ಟಿಯನ್ನು ಪರಿಷ್ಕರಿಸಿತು. ಅದರಲ್ಲಿ 8 ಕೌಶಲಗಳಿವೆ. ಮೂರನೆಯದು ಒಪ್ಪಂದದ ಬಗ್ಗೆ. ಒಪ್ಪಂದ ಮಾಡಿಕೊಳ್ಳುವುದು ಎಂದಷ್ಟೇ ಅಲ್ಲ, ಮಾಡಿಕೊಂಡು ಅದನ್ನು ಕಾಪಾಡಿಕೊಂಡು ಹೋಗುವುದು ಎಂದು ಅಲ್ಲಿದೆ. ಇಡೀ ಕೋಚಿಂಗ್‌ಗೆ ಒಂದು ಒಪ್ಪಂದ, ಪ್ರತಿ ಸೆಷನ್‌ಗೂ ಒಂದೊಂದು. ಇದನ್ನು ನಾನು ಓದಿದ್ದೆ, ಬೇರೆಯವರಿಗೆ ಪಾಠವನ್ನೂ ಮಾಡಿದ್ದೆ. ಗೊತ್ತಿರುವುದಕ್ಕೂ ಕೋಣೆಯಲ್ಲಿ ಮಾಡುವುದಕ್ಕೂ ನಡುವೆ ಇಷ್ಟು ಅಂತರ ಇರುತ್ತದೆ.

ಮತ್ತೆ ಮೊದಲಿನಿಂದ

ಮೂರನೇ ಸೆಷನ್‌ನ ಉಳಿದ ಅರ್ಧ ಗಂಟೆ ಮತ್ತು ನಾಲ್ಕನೆಯದರ ಬಹುಪಾಲು ಒಪ್ಪಂದಕ್ಕೇ ಹೋಯಿತು. ಆರರಲ್ಲಿ ಒಂದೂವರೆ ಸೆಷನ್ ಎಂದರೆ ತುಂಬ ಜಾಸ್ತಿ ಅನಿಸಬಹುದು. ನನಗೆ ಹಾಗನಿಸಲಿಲ್ಲ. ಆ ಮಾತುಕತೆಯೇ ಕೋಚಿಂಗ್ ಆಗಿತ್ತು.

ಈ ಸಲ ನಾನು ಓದಿ ಹೇಳಲಿಲ್ಲ. ಖಾಲಿ ಹಾಳೆ ಇಟ್ಟು, ಆಕೆಯ ಕೈಯಲ್ಲೇ ಬರೆಸಿದೆ. ಪ್ರತಿ ಸಾಲಿಗೂ ಒಂದು ಉದಾಹರಣೆ ಕೇಳಿದೆ. ಉದಾಹರಣೆ ಕೇಳಿದ ಕೂಡಲೇ ನಮ್ಮಿಬ್ಬರ ಅರ್ಥ ಎಲ್ಲಿ ಬೇರೆಯಾಗುತ್ತದೆ ಎಂಬುದು ಕಾಣಿಸತೊಡಗಿತು.

ಮೊದಲು ಹೊರಗೆ ಹೋಗುವ ಮಾತಿನ ವಿಷಯ. ‘ಗೌಪ್ಯ’ ಎಂದರೆ ಏನು ಎಂದು ಕೇಳಿದೆ. "ನಾನು ಹೇಳಿದ್ದು ಹೊರಗೆ ಹೋಗಬಾರದು." ಸರಿ, ನೀವು ಹೇಳದೆ ನನಗೆ ಅನಿಸಿದ್ದು? "ಅದೂ ಹೋಗಬಾರದು. ಅದೇ ಜಾಸ್ತಿ ಹೋಗಬಾರದು." ನಾನು ಹಾಕಿಕೊಂಡಿದ್ದ ಗೆರೆ ಇಲ್ಲಿ ಎಷ್ಟು ತಪ್ಪಾಗಿತ್ತು ಎಂದು ಆಗ ಅರ್ಥವಾಯಿತು. ಮಾತು ಆಕೆಯದು, ಅಭಿಪ್ರಾಯ ನನ್ನದು, ಹಾಗಾಗಿ ಅಭಿಪ್ರಾಯ ಹೇಳಬಹುದು ಎಂದುಕೊಂಡಿದ್ದೆ. ಆಕೆಗೆ ನನ್ನ ಅಭಿಪ್ರಾಯವೇ ಜಾಸ್ತಿ ಅಪಾಯದ್ದು. ಕೋಚ್ ಹೇಳಿದ್ದಕ್ಕೆ ಕಂಪನಿಯಲ್ಲಿ ತೂಕ ಜಾಸ್ತಿ.

ಕೊನೆಗೆ ಹೀಗೆ ಬರೆದೆವು. ನಾನು ಎಚ್‌ಆರ್‌ಗೆ ತಿಳಿಸುವುದು ಸೆಷನ್ ನಡೆದ ತಾರೀಕು ಮಾತ್ರ. ಅದಕ್ಕಿಂತ ಹೆಚ್ಚು ಏನು ಹೋಗಬೇಕಿದ್ದರೂ ಆಕೆಯೇ ಬರೆದು ಕಳಿಸುತ್ತಾರೆ. ನನ್ನನ್ನು ಯಾರಾದರೂ ದಾರಿಯಲ್ಲಿ ನಿಲ್ಲಿಸಿ ‘ಹೇಗಿದ್ದಾರೆ’ ಎಂದು ಕೇಳಿದರೆ, ‘ಅವರನ್ನೇ ಕೇಳಿ’ ಎನ್ನುತ್ತೇನೆ. ಹಾಗೆ ಕೇಳಿದರು ಎಂಬುದನ್ನು ಆಕೆಗೆ ತಿಳಿಸುತ್ತೇನೆ. ನಾನು ಮೌನವಾಗಿ ಇರಲಾಗದ ಸಂದರ್ಭಗಳನ್ನೂ ಬಿಡಿಸಿ ಹೇಳಿದೆ: ಯಾರ ಜೀವಕ್ಕಾದರೂ ಅಪಾಯ ಇದ್ದರೆ, ಕಾನೂನಿನ ಪ್ರಕಾರ ಹೇಳಲೇಬೇಕಾದರೆ. ಆಗಲೂ ಸಾಧ್ಯವಿದ್ದರೆ ಮೊದಲು ಆಕೆಗೇ ಹೇಳುತ್ತೇನೆ. ಇಂಥ ವಿನಾಯಿತಿಗಳನ್ನು ಮುಂಚೆಯೇ ಹೇಳುವುದು ಮುಜುಗರದ ಕೆಲಸ. ಆದರೆ ‘ಎಲ್ಲವೂ ಗೌಪ್ಯ’ ಎಂದು ಸುಮ್ನೆ ಭರವಸೆ ಕೊಡುವುದು ಸುಳ್ಳಾಗುತ್ತದೆ.

ಆಮೇಲೆ ಗುರಿ. ಮ್ಯಾನೇಜರ್ ಹೇಳಿದ್ದನ್ನು ಪಕ್ಕಕ್ಕಿಟ್ಟು, ಈ ಮೂರು ತಿಂಗಳು ಮುಗಿದಾಗ ನಿಮಗೆ ಏನು ಬದಲಾಗಿರಬೇಕು ಎಂದು ಕೇಳಿದೆ. "ರಾತ್ರಿ ಎಂಟರ ಮೇಲೆ ಲ್ಯಾಪ್‌ಟಾಪ್ ತೆರೆಯಬಾರದು" ಎಂದರು. ಅದಕ್ಕೆ ಏನು ಅಡ್ಡ? ಆಗ ಭಯದ ಕಥೆ ಬಂತು. ಲೀಡ್ ಆದ ಎರಡನೇ ತಿಂಗಳಲ್ಲಿ ತಂಡದ ಒಬ್ಬರು ಗ್ರಾಹಕರಿಗೆ ತಪ್ಪು ಮೊತ್ತ ಬರೆದು ಕಳಿಸಿದ್ದರು. ಮ್ಯಾನೇಜರ್ ಆಕೆಗೆ ಕಾರಣ ಕೇಳಿ ಮೇಲ್ ಬರೆದರು. ಮ್ಯಾನೇಜರ್‌ಗಿಂತ ಮೇಲಿನ ಇಬ್ಬರಿಗೂ ಅದರ ಪ್ರತಿ (ಸಿಸಿ) ಹೋಗಿತ್ತು. ಅಂದಿನಿಂದ ಒಂದೊಂದು ಉತ್ತರವನ್ನೂ ಓದದೆ ಕಳಿಸುವುದು ಆಕೆಗೆ ಆಗುತ್ತಿರಲಿಲ್ಲ.

ಇದನ್ನು ಕೇಳಿದ ಮೇಲೆ ‘ಕೆಲಸ ಹಂಚುವ ಕೌಶಲ’ ಎಂಬ ಹೆಸರೇ ತಪ್ಪು ಅನಿಸಿತು. ಆಕೆಗೆ ಕೆಲಸ ಹಂಚಲು ಗೊತ್ತಿತ್ತು. ಹಂಚಿದ ಮೇಲೆ ತಪ್ಪಾದರೆ ಏನಾಗುತ್ತದೆ ಎಂಬುದರ ಬಗ್ಗೆ ಆಕೆ ಮತ್ತು ಮ್ಯಾನೇಜರ್ ನಡುವೆ ಒಪ್ಪಂದ ಇರಲಿಲ್ಲ.

ಇನ್ನೊಂದು ವಿಷಯ ಉಳಿದಿತ್ತು. ಮಾಡುತ್ತೇನೆ ಎಂದದ್ದನ್ನು ಮಾಡದೆ ಬಂದರೆ? ಈ ಪ್ರಶ್ನೆಯನ್ನು ನಾನೇ ಎತ್ತಿದೆ. "ಎರಡನೇ ಸೆಷನ್‌ನಲ್ಲಿ ನಾನು ಕೇಳಿದ ರೀತಿ ನಿಮಗೆ ಹೇಗನಿಸಿತು?" ಆಕೆ ನಕ್ಕರು. "ಪರೀಕ್ಷೆ ಬರೀದೆ ಬಂದವಳ ಹಾಗೆ." ಹಾಗಾದರೆ ನಾನು ಏನು ಕೇಳಬೇಕು? ಸ್ವಲ್ಪ ಯೋಚಿಸಿ ಹೇಳಿದರು: "ಯಾಕೆ ಮಾಡಿಲ್ಲ ಅಂತ ಕೇಳಬೇಡಿ ಮೇಡಂ. ಎಲ್ಲಿ ನಿಂತುಹೋಯ್ತು ಅಂತ ಕೇಳಿ."

ಅದನ್ನೂ ಬರೆದುಕೊಂಡೆವು. ಅಂದಿನಿಂದ ನಾನು ಬೇರೆಯವರ ಜೊತೆಗೂ ಈ ಪ್ರಶ್ನೆಯನ್ನೇ ಬಳಸುತ್ತಿದ್ದೇನೆ. ‘ಯಾಕೆ’ ಎಂದರೆ ಜನ ಸಮರ್ಥನೆ ಹುಡುಕುತ್ತಾರೆ. ‘ಎಲ್ಲಿ’ ಎಂದರೆ ಜಾಗ ಹುಡುಕುತ್ತಾರೆ.

ಮ್ಯಾನೇಜರ್ ಜೊತೆ ಎರಡನೇ ಮೀಟಿಂಗ್

ಮತ್ತೊಮ್ಮೆ ಎಲ್ಲರೂ ಕೂರೋಣ ಎಂದು ಹೇಳಿದ್ದು ನಾನು. ಮಾತು ತಾವೇ ಆಡುತ್ತೇನೆ ಎಂದು ಹೇಳಿದ್ದು ಆಕೆ. ನಾಲ್ಕನೇ ಸೆಷನ್‌ನ ಕೊನೆಯ ಹದಿನೈದು ನಿಮಿಷ ಅದಕ್ಕೆ ತಯಾರಿ ಮಾಡಿದೆವು. ಏನು ಹೇಳಬೇಕು, ಏನು ಹೇಳಬಾರದು, ಮಾತು ಸಿಕ್ಕಿಹಾಕಿಕೊಂಡರೆ ನಾನು ಬಾಯಿ ಹಾಕಬೇಕೋ ಬೇಡವೋ. "ನಾನು ನಿಮ್ಮ ಕಡೆ ನೋಡಿದರೆ ಮಾತ್ರ" ಎಂದರು.

ಮೀಟಿಂಗ್‌ನಲ್ಲಿ ಮೊದಲು ನಾನು ಮೇಲ್ ವಿಷಯ ಎತ್ತಿದೆ. ಆ ಸಾಲನ್ನು ಆಕೆಯನ್ನು ಕೇಳದೆ ಬರೆದೆ, ಅದು ನನ್ನ ತಪ್ಪು, ಇನ್ನು ಮುಂದೆ ನನ್ನಿಂದ ಅಂಥ ವರದಿ ಬರುವುದಿಲ್ಲ ಎಂದೆ. ಎಚ್‌ಆರ್‌ಗೆ ಇದು ಅಷ್ಟು ಇಷ್ಟವಾಗಲಿಲ್ಲ. ಖರ್ಚು ಮಾಡುವವರಿಗೆ ಏನು ನಡೀತಿದೆ ಎಂದು ಗೊತ್ತಾಗಬೇಕಲ್ಲ ಎಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಏನು ಬದಲಾಗಿದೆ ಎಂದು ಆಕೆಯೇ ಕೊನೆಯಲ್ಲಿ ಎಲ್ಲರ ಮುಂದೆ ಹೇಳುತ್ತಾರೆ, ತಂಡದಲ್ಲಿ ಕಾಣುವ ಬದಲಾವಣೆಯನ್ನು ಮ್ಯಾನೇಜರ್ ತಾವೇ ನೋಡಬಹುದು ಎಂದು ತೀರ್ಮಾನವಾಯಿತು.

ಆಮೇಲೆ ಆಕೆ ಮ್ಯಾನೇಜರ್ ಕಡೆ ತಿರುಗಿ ಕೇಳಿದರು: "ಸರ್, ನನ್ನ ತಂಡ ಯಾವ ತಪ್ಪು ಮಾಡಿದರೆ ಪರವಾಗಿಲ್ಲ?"

ಮ್ಯಾನೇಜರ್ ಈ ಪ್ರಶ್ನೆ ನಿರೀಕ್ಷಿಸಿರಲಿಲ್ಲ. ತಪ್ಪೇ ಆಗಬಾರದು ಎಂದು ಹೇಳಲು ಹೊರಟು ಅರ್ಧಕ್ಕೇ ನಿಲ್ಲಿಸಿದರು. ಅವರನ್ನು ನಾನು ಇಲ್ಲಿ ಮೆಚ್ಚಿ ನೆನೆಯಬೇಕು. ಜನ ಅಷ್ಟು ಸುಲಭವಾಗಿ ಅರ್ಧಕ್ಕೆ ನಿಲ್ಲಿಸುವುದಿಲ್ಲ. "ಆ ಮೇಲ್ ಬಗ್ಗೆ ಹೇಳ್ತಿದ್ದೀರಾ?" ಎಂದು ಕೇಳಿದರು. ಆಕೆ ಹೌದು ಎಂದರು. ಅಷ್ಟು ಜನರಿಗೆ ಸಿಸಿ ಹಾಕಬಾರದಿತ್ತು ಎಂದು ಅವರು ಒಪ್ಪಿಕೊಂಡರು.

ಅಲ್ಲಿಂದ ಮಾತು ಸಲೀಸಾಯಿತು. ಟಿಕೆಟ್‌ಗಳನ್ನು ಮೂರು ಬಗೆ ಮಾಡಿದರು. ಹಣದ ಮೊತ್ತ, ಕಾನೂನು, ದೂರು ಇರುವವು ಆಕೆ ಓದದೆ ಹೋಗಬಾರದು. ದಿನಾ ಬರುವ ಮಾಮೂಲಿ ಪ್ರಶ್ನೆಗಳಿಗೆ ತಂಡದವರೇ ನೇರ ಉತ್ತರ ಕಳಿಸಬಹುದು. ಹಿಂದೆ ಬರದ ಹೊಸ ಬಗೆಯ ಪ್ರಶ್ನೆ ಬಂದರೆ ತಂಡದವರು ಮೊದಲು ಕೇಳಬೇಕು. ಮಾಮೂಲಿ ಬಗೆಯಲ್ಲಿ ತಪ್ಪಾದರೆ ಮ್ಯಾನೇಜರ್ ಆಕೆಗೆ ಫೋನ್ ಮಾಡುತ್ತಾರೆ, ಮೇಲ್ ಬರೆಯುವುದಿಲ್ಲ.

ಎಲ್ಲದರಲ್ಲೂ ಒಮ್ಮತ ಬರಲಿಲ್ಲ. ವರ್ಗ ಕೇಳಿದ ಇಬ್ಬರ ವಿಷಯವನ್ನೂ ಕೋಚಿಂಗ್‌ನಲ್ಲಿ ಚರ್ಚಿಸಬೇಕು ಎಂದು ಮ್ಯಾನೇಜರ್ ಬಯಸಿದರು. ಆಕೆ ಬೇಡ ಎಂದರು, ಅದು ತಾನು ಆ ಇಬ್ಬರ ಜೊತೆ ಆಡಬೇಕಾದ ಮಾತು ಎಂದರು. ಒತ್ತಾಯ ಮಾಡದೆ, ‘ಇದರಲ್ಲಿ ಒಪ್ಪಂದ ಆಗಿಲ್ಲ’ ಎಂದೇ ಬರೆದಿಟ್ಟೆವು. ಒಪ್ಪಂದ ಆಗದ ಜಾಗವನ್ನು ಹೀಗೆ ಹೆಸರಿಟ್ಟು ಬರೆದುಕೊಳ್ಳುವುದು ನನಗೂ ಹೊಸದು. ಬರೆಯದೆ ಬಿಟ್ಟಿದ್ದರೆ ಮ್ಯಾನೇಜರ್ ಅದು ಆಗಿದೆ ಎಂದುಕೊಳ್ಳುತ್ತಿದ್ದರು, ಆಕೆ ಇಲ್ಲ ಎಂದುಕೊಳ್ಳುತ್ತಿದ್ದರು. ಮತ್ತೆ ‘ಪ್ರಗತಿ’ಯ ಕಥೆಯೇ ಆಗುತ್ತಿತ್ತು.

ಐದನೇ ಸೆಷನ್: ಪತ್ರದಲ್ಲಿ ಇಲ್ಲದ ಪ್ರಶ್ನೆ

ನಾಲ್ಕರಿಂದ ಮುಂದೆ ಪ್ರತಿ ಸೆಷನ್‌ನ ಮೊದಲ ಐದು ನಿಮಿಷ ಅಂದಿನ ಒಪ್ಪಂದಕ್ಕೆ ಇಟ್ಟೆವು. ಇವತ್ತು ಯಾವುದು? ಅದು ಈಗ ಯಾಕೆ ಮುಖ್ಯ? ಎದ್ದು ಹೋಗುವಾಗ ಕೈಯಲ್ಲಿ ಏನಿದ್ದರೆ ಈ ಒಂದು ಗಂಟೆ ಸಾರ್ಥಕ? ಮಧ್ಯದಲ್ಲಿ ಒಮ್ಮೆ ನಿಲ್ಲಿಸಿ, ಹೊರಟ ಕಡೆಗೇ ಹೋಗುತ್ತಿದ್ದೇವಾ ಎಂದು ನೋಡುವುದು.

ಐದನೇ ಸೆಷನ್‌ಗೆ ಆಕೆ ತಂದ ವಿಷಯ ಚಿಕ್ಕದು. ಮಾಮೂಲಿ ಟಿಕೆಟ್ ಬಿಟ್ಟಿದ್ದಾರೆ, ಆದರೆ ಕೈ ತಾನಾಗಿ ಹೋಗಿ ತೆರೆದು ನೋಡುತ್ತದೆ. ಎಲ್ಲಿ ನಿಂತುಹೋಯಿತು ಎಂದು ಕೇಳಿದೆ. ಬೆಳಿಗ್ಗೆ ಹತ್ತಕ್ಕೆ ಕ್ಯೂ, ಅಂದರೆ ಬಂದ ಟಿಕೆಟ್‌ಗಳ ಸಾಲು, ತೆರೆದಾಗ ಎಂದರು. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1999ರ ಒಂದು ಲೇಖನದಲ್ಲಿ ವಿವರಿಸಿದ ಒಂದು ಸರಳ ದಾರಿ ಇಲ್ಲಿ ನೆರವಾಯಿತು. ‘ಮಾಡುತ್ತೇನೆ’ ಎಂದು ಹೇಳುವ ಬದಲು ‘ಇದು ಆದಾಗ ಇದನ್ನು ಮಾಡುತ್ತೇನೆ’ ಎಂದು ಗಂಟು ಹಾಕುವುದು. ಆಕೆ ಬರೆದದ್ದು: ‘ಹತ್ತಕ್ಕೆ ಕ್ಯೂ ತೆರೆದಾಗ, ಮೊದಲು ಮಾಮೂಲಿ ಟಿಕೆಟ್‌ಗಳ ಪಟ್ಟಿಯನ್ನು ಮುಚ್ಚುತ್ತೇನೆ.’

ಅದು ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಹೊರಟ ಕಡೆಗೇ ಹೋಗುತ್ತಿದ್ದೇವಾ ಎಂದು ಕೇಳಿದಾಗ ಆಕೆ ಸುಮ್ಮನಾದರು. ಆಮೇಲೆ ಹೇಳಿದರು, "ಇದು ಹೇಳಬಹುದೋ ಇಲ್ವೋ ಗೊತ್ತಿಲ್ಲ. ನನಗೆ ಈ ಲೀಡ್ ಕೆಲಸವೇ ಬೇಕಾ ಅಂತ ಅನುಮಾನ."

ಇಲ್ಲಿ ನಾನು ನಿಜವಾಗಿಯೂ ತಡವರಿಸಿದೆ. ಕೋಚಿಂಗ್‌ಗೆ ಹಣ ಕೊಡುತ್ತಿರುವುದು ಆಕೆ ಒಳ್ಳೆಯ ಲೀಡ್ ಆಗಲಿ ಎಂದು. ಆಕೆ ಲೀಡ್ ಕೆಲಸ ಬಿಡುವ ಮಾತನ್ನು ಅದೇ ಹಣದಲ್ಲಿ ಆಡಬಹುದೇ? ನಮ್ಮ ಒಪ್ಪಂದದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ನನ್ನ ತಡವರಿಕೆಯನ್ನು ಮುಚ್ಚಿಡಲಿಲ್ಲ. "ಇದು ನಾವು ಎಲ್ಲರೂ ಸೇರಿ ಬರೆದದ್ದರಲ್ಲಿ ಇಲ್ಲ. ಆದರೂ ಇವತ್ತು ಇದೇ ನಿಮಗೆ ಮುಖ್ಯ ಅನ್ನೋದಾದರೆ, ಉಳಿದ ಸಮಯ ಇದಕ್ಕೆ ಕೊಡೋಣ. ಇದು ಹೊರಗೆ ಹೋಗಲ್ಲ. ಆದರೆ ಬಿಡಬೇಕೋ ಇರಬೇಕೋ ಅನ್ನೋದರ ಮೇಲೇ ಮುಂದೆಯೂ ಕೆಲಸ ಮಾಡಬೇಕು ಅನಿಸಿದರೆ, ಅದಕ್ಕೆ ಬೇರೆ ಏರ್ಪಾಡು ಬೇಕಾಗುತ್ತೆ. ಆಗಬಹುದಾ?"

ಈ ಸಲ ಆಕೆ ‘ಸರಿ ಮೇಡಂ’ ಎನ್ನಲಿಲ್ಲ. "ಇಪ್ಪತ್ತು ನಿಮಿಷ ಸಾಕು. ಆಮೇಲೆ ಮೀಟಿಂಗ್ ವಿಷಯ ಸ್ವಲ್ಪ ಮಾತಾಡಬೇಕು" ಎಂದರು.

ನಾನು ಮಾಡಿದ್ದು ಸರಿಯೇ ಎಂದು ಈ ಕೆಲಸದಲ್ಲಿರುವ ಇಬ್ಬರು ಹಿರಿಯರನ್ನು ಆಮೇಲೆ ಕೇಳಿದೆ, ಯಾರ ಗುರುತೂ ಹೇಳದೆ. ಒಬ್ಬರು ಸರಿ ಎಂದರು. ಇನ್ನೊಬ್ಬರು, ಇಂಥ ಪ್ರಶ್ನೆ ಬಂದರೆ ಏನು ಮಾಡಬೇಕು ಎಂಬುದನ್ನು ಮೊದಲ ದಿನವೇ ಸಂಸ್ಥೆಯ ಜೊತೆ ಮಾತಾಡಿರಬೇಕಿತ್ತು ಎಂದರು. ಎರಡನೆಯವರ ಮಾತು ನನಗೆ ಹೆಚ್ಚು ಹಿಡಿಸಿತು. ಈಗ ಮೊದಲ ಮೀಟಿಂಗ್‌ನಲ್ಲೇ ಕೇಳುತ್ತೇನೆ: ‘ಈ ಹುದ್ದೆ ತನಗೆ ಬೇಡ ಎಂದು ಅವರಿಗೆ ಅನಿಸಿದರೆ, ಅದನ್ನೂ ಇಲ್ಲಿ ಮಾತಾಡಬಹುದಾ?’ ಬಹಳಷ್ಟು ಮ್ಯಾನೇಜರ್‌ಗಳು ಆಗಬಹುದು ಎನ್ನುತ್ತಾರೆ. ಬೇಡ ಎಂದವರೂ ಇದ್ದಾರೆ. ಆಗ ಎದುರಿಗೆ ಕೂತವರಿಗೆ ಅದು ಮೊದಲೇ ಗೊತ್ತಿರುತ್ತದೆ.

ಕೊನೆಗೆ ಏನಾಯಿತು

ದೊಡ್ಡ ಪವಾಡವೇನೂ ಆಗಲಿಲ್ಲ. ಆರನೇ ಸೆಷನ್ ಹೊತ್ತಿಗೆ ಮಾಮೂಲಿ ಟಿಕೆಟ್‌ಗಳಲ್ಲಿ ಬಹುಪಾಲು ಆಕೆ ಮುಟ್ಟದೆಯೇ ಹೋಗುತ್ತಿದ್ದವು. ರಾತ್ರಿ ಎಂಟರ ನಿಯಮ ವಾರಕ್ಕೆ ಮೂರು ನಾಲ್ಕು ದಿನ ಉಳಿಯುತ್ತಿತ್ತು. ಒಂದು ತಪ್ಪು ಉತ್ತರ ಹೊರಗೆ ಹೋಯಿತು. ಮ್ಯಾನೇಜರ್ ಫೋನ್ ಮಾಡಿದರು, ಮೇಲ್ ಬರೆಯಲಿಲ್ಲ. ವರ್ಗ ಕೇಳಿದ್ದ ಇಬ್ಬರಲ್ಲಿ ಒಬ್ಬರು ಹೋದರು, ಒಬ್ಬರು ಉಳಿದರು. ಲೀಡ್ ಆಗಿ ಇರಬೇಕೋ ಬೇಡವೋ ಎಂಬುದನ್ನು ಆಕೆ ಇನ್ನೂ ಆರು ತಿಂಗಳು ನೋಡಿ ತೀರ್ಮಾನಿಸುತ್ತೇನೆ ಎಂದರು. ಅದನ್ನು ಮ್ಯಾನೇಜರ್‌ಗೆ ಹೇಳಬೇಕೋ ಬೇಡವೋ ಎಂಬುದೂ ಆಕೆಯ ಕೈಯಲ್ಲೇ ಇತ್ತು.

ನನ್ನ ಕೆಲಸದಲ್ಲಿ ಎರಡು ಬದಲಾವಣೆ ಆಯಿತು. ‘ಪ್ರಗತಿಯ ಬಗ್ಗೆ ಸಂಸ್ಥೆಗೆ ತಿಳಿಸಲಾಗುವುದು’ ಎಂಬ ಸಾಲನ್ನು ನನ್ನ ಪತ್ರದಿಂದ ತೆಗೆದುಹಾಕಿದೆ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಯಾರು, ಯಾರಿಗೆ, ಏನನ್ನು, ಯಾವಾಗ ಹೇಳುತ್ತಾರೆ ಎಂದು ಪ್ರತಿ ಸಲವೂ ಕೂತವರೇ ಕೈಯಲ್ಲಿ ಬರೆಯುತ್ತಾರೆ. ಮತ್ತೆ, ಎಲ್ಲರೂ ಸೇರುವ ಮೀಟಿಂಗ್‌ಗೆ ಮೊದಲು ಕೋಚಿಂಗ್ ಪಡೆಯುವವರೊಬ್ಬರ ಜೊತೆಯೇ ಅರ್ಧ ಗಂಟೆ ಕೂರುತ್ತೇನೆ. ಮೇಲಿನವರು ಇಲ್ಲದಾಗ ‘ಇದು ಬೇಡ’ ಎನ್ನಲು ಅಲ್ಲಿ ಜಾಗ ಇರುತ್ತದೆ.

ಕೆಲವು ತಿಂಗಳ ಮೇಲೆ ಆಕೆಯಿಂದ ಒಂದು ಮೇಲ್ ಬಂತು. ತಂಡದ ಎಲ್ಲರ ಜೊತೆ ಒಬ್ಬೊಬ್ಬರಾಗಿ ಕೂತು, ನಮ್ಮ ಹಾಳೆಯ ಹಾಗೇ ಒಂದೊಂದು ಹಾಳೆ ಬರೆಸಿದ್ದಾರಂತೆ. ಹೇಳಿದ ಕೆಲಸ ಆಗದೆ ಇದ್ದರೆ ನಾನು ಏನು ಕೇಳಲಿ ಎಂದು ಎಲ್ಲರನ್ನೂ ಕೇಳಿದರಂತೆ. ಒಬ್ಬರು ಹೇಳಿದ್ದನ್ನು ಮಾತ್ರ ನನಗೆ ಬರೆದು ಕಳಿಸಿದ್ದರು, ಅವರ ಅನುಮತಿ ಕೇಳಿ: "ಆ ದಿನ ಏನೂ ಕೇಳಬೇಡಿ. ಮಾರನೇ ದಿನ ನಾನೇ ಬಂದು ಹೇಳ್ತೀನಿ."